ಸುರುಳಿ ಗೆಲಾಕ್ಸಿಗಳ ಮುಂದೆ ಎಂಟು ಇಂಚಿನ ಡಾಬ್ಸೋನಿಯನ್ ದೂರದರ್ಶಕ

ದೂರದರ್ಶಕಗಳ ವಿಮರ್ಶೆಯಲ್ಲಿ ಸಾಮಾನ್ಯವಾಗಿ ಚಂದ್ರನ ಕುಳಿಗಳು, ಶನಿಯ ಉಂಗುರಗಳು, ಗುರುವಿನ ಪಟ್ಟೆಗಳೇ ಒರೆಗಲ್ಲಾಗುತ್ತವೆ. ಇವೆಲ್ಲ ಪ್ರಖರವಾದ ಕಾಯಗಳು. ಸಾಧಾರಣ ದೂರದರ್ಶಕವೂ ಇವುಗಳ ಮಟ್ಟಿಗೆ ನೋಡುಗರನ್ನು ನಿರಾಶೆಗೊಳಿಸುವುದಿಲ್ಲ. ಹಲವು ವರ್ಷಗಳಿಂದ ನಾನು ಬಳಸುತ್ತಿರುವ ಎಂಟು ಇಂಚಿನ ಡಾಬ್ಸೋನಿಯನ್ ದೂರದರ್ಶಕವನ್ನು ಇಲ್ಲಿ ಅದಕ್ಕಿಂತ ಬಹಳ ಕಠಿಣವಾದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದಿದ್ದೇನೆ. ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ಸುರುಳಿ ಗೆಲಾಕ್ಸಿಯೊಂದರ ಬಾಹುಗಳನ್ನು, ಕ್ಯಾಮೆರಾದ ನೆರವಿಲ್ಲದೆ, ಮನುಷ್ಯನ ಕಣ್ಣಿಗೇ ಇದು ತೋರಿಸಬಲ್ಲದೆ? ತೋರಿಸಬಲ್ಲದು ಎಂಬುದು ನನ್ನ ಉತ್ತರ. ಆದರೆ ಆ ಉತ್ತರಕ್ಕೆ ಕೆಲವು ಷರತ್ತುಗಳಿವೆ. ಅವುಗಳಲ್ಲಿ ಹೆಚ್ಚಿನವು ಆಕಾಶದ ಕತ್ತಲೆಗೂ ನೋಡುವವರ ತಾಳ್ಮೆಗೂ ಸಂಬಂಧಿಸಿದವು.

ಈ ಮಾದರಿಯನ್ನು ಹಲವು ಕಂಪನಿಗಳು ಬಹುತೇಕ ಒಂದೇ ಅಳತೆಯಲ್ಲಿ ತಯಾರಿಸುತ್ತವೆ: 203 ಮಿಲಿಮೀಟರ್ ವ್ಯಾಸದ ಪರವಲಯಾಕಾರದ ನಿಮ್ನ ದರ್ಪಣ, 1200 ಮಿಲಿಮೀಟರ್ ಸಂಗಮದೂರ (ದರ್ಪಣದಿಂದ ಬೆಳಕು ಒಂದೆಡೆ ಕೂಡುವ ದೂರ), ಅಂದರೆ ವ್ಯಾಸದ 5.9 ಪಟ್ಟು, ಎಫ್/5.9 ಅನುಪಾತ. ಆದ್ದರಿಂದ ಇಲ್ಲಿನ ಮಾತುಗಳು ಯಾವುದೇ ಒಂದು ಹೆಸರಿಗೆ ಅಂಟಿಕೊಂಡವಲ್ಲ. ಕೊಳವೆಯ ತಳದಲ್ಲಿರುವ ದರ್ಪಣ ಬೆಳಕನ್ನು ಒಟ್ಟುಗೂಡಿಸಿ ಮೇಲಕ್ಕೆ ಕಳುಹಿಸುತ್ತದೆ. ಕೊಳವೆಯ ಬಾಯಿಯ ಹತ್ತಿರ ಓರೆಯಾಗಿ ಕೂರಿಸಿದ ಚಿಕ್ಕ ದರ್ಪಣ ಅದನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣಿಟ್ಟು ನೋಡುವ ಮಸೂರವಾದ ಐಪೀಸಿಗೆ ತಲುಪಿಸುತ್ತದೆ. ನ್ಯೂಟನ್ 1668ರಲ್ಲಿ ಕಟ್ಟಿದ ದೂರದರ್ಶಕದ ವಿನ್ಯಾಸವೇ ಇದು. ಡಾಬ್ಸೋನಿಯನ್ ಎಂಬ ಹೆಸರು ಬಂದಿರುವುದು ಅದರ ಪೀಠದಿಂದ. ಜಾನ್ ಡಾಬ್ಸನ್ ಅವರು 1944ರಿಂದ 1967ರವರೆಗೆ ರಾಮಕೃಷ್ಣ ಪರಂಪರೆಗೆ ಸೇರಿದ ವೇದಾಂತ ಸೊಸೈಟಿಯಲ್ಲಿ ಸನ್ಯಾಸಿಯಾಗಿದ್ದವರು. ಸಿಕ್ಕ ದಪ್ಪ ಗಾಜನ್ನು ಕೈಯಲ್ಲೇ ಉಜ್ಜಿ ದರ್ಪಣ ಮಾಡಿ, ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ ಕೊಳವೆಯನ್ನು ಕೂರಿಸಿ, ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಆಕಾಶ ತೋರಿಸುತ್ತಿದ್ದ ಅವರು, 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಾದಚಾರಿ ಮಾರ್ಗದ ಖಗೋಳವೀಕ್ಷಕರ ಸಂಘವೊಂದರ ಹುಟ್ಟಿಗೆ ಕಾರಣರಾದರು. ಮೋಟಾರು, ಭಾರವಾದ ಲೋಹದ ಮುಕ್ಕಾಲಿ, ಗಿಯರುಗಳು ಇವೆಲ್ಲವನ್ನೂ ಬಿಟ್ಟು ಕೇವಲ ಎಡಬಲಕ್ಕೂ ಮೇಲೆಕೆಳಕ್ಕೂ ಜಾರುವ ಪೀಠವನ್ನು ಇಟ್ಟುಕೊಂಡರೆ, ಅದೇ ಖರ್ಚಿನಲ್ಲಿ ಬಹಳ ದೊಡ್ಡ ದರ್ಪಣ ಸಿಗುತ್ತದೆ ಎಂಬುದು ಅವರು ಕಂಡುಕೊಂಡ ಸರಳ ಸತ್ಯ. ಗೆಲಾಕ್ಸಿಗಳನ್ನು ಕಣ್ಣಾರೆ ನೋಡಬಯಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾರೂ ಮಾಡಿಲ್ಲ ಎಂದು ನಾನು ನಂಬುತ್ತೇನೆ.

ದರ್ಪಣದ ಗಾತ್ರ ಏಕೆ ಮುಖ್ಯ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಈ ವಿಷಯದಲ್ಲಿ ತಪ್ಪು ನಿರೀಕ್ಷೆಯೇ ಹೆಚ್ಚಿನ ನಿರಾಶೆಗೆ ಕಾರಣ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲಕ್ಕೆ ತೆರೆಯುತ್ತದೆ ಎಂದುಕೊಂಡರೆ, 203 ಮಿಲಿಮೀಟರ್ ದರ್ಪಣದ ವಿಸ್ತೀರ್ಣ ಅದರ 840 ಪಟ್ಟಿನಷ್ಟಿದೆ. ನಕ್ಷತ್ರವೊಂದು ಚುಕ್ಕೆಯಾದ್ದರಿಂದ ಅದು ದೂರದರ್ಶಕದಲ್ಲಿ ನಿಜಕ್ಕೂ ನೂರಾರು ಪಟ್ಟು ಪ್ರಕಾಶಮಾನವಾಗಿ ಕಾಣುತ್ತದೆ. ಆದರೆ ಗೆಲಾಕ್ಸಿ ಹರಡಿಕೊಂಡ ಬೆಳಕು. ದೂರದರ್ಶಕ ಬೆಳಕನ್ನು ಹೆಚ್ಚಿಸುವುದರ ಜೊತೆಗೆ ಬಿಂಬವನ್ನೂ ಹಿಗ್ಗಿಸುವುದರಿಂದ, ಗೆಲಾಕ್ಸಿಯ ಒಂದೊಂದು ಚದರ ಭಾಗದ ಹೊಳಪು ಬರಿಗಣ್ಣಿಗೆ ಕಾಣುವುದಕ್ಕಿಂತ ಎಂದಿಗೂ ಹೆಚ್ಚಾಗಲಾರದು. 48 ಪಟ್ಟು ವರ್ಧನೆಯಲ್ಲಿ ಅದು ಬರಿಗಣ್ಣಿನ ಹೊಳಪಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, 120 ಪಟ್ಟಿನಲ್ಲಿ ನೂರಕ್ಕೆ ಆರರಷ್ಟು ಮಾತ್ರ. ಹಾಗಿದ್ದರೂ ಹೆಚ್ಚಿನ ವರ್ಧನೆಯಲ್ಲೇ ವಿವರಗಳು ಚೆನ್ನಾಗಿ ತೋರುವುದಕ್ಕೆ ಎರಡು ಕಾರಣಗಳಿವೆ. ಹಿನ್ನೆಲೆಯ ಆಕಾಶವೂ ಅಷ್ಟೇ ಪ್ರಮಾಣದಲ್ಲಿ ಮಸುಕಾಗುವುದರಿಂದ ಗೆಲಾಕ್ಸಿಗೂ ಆಕಾಶಕ್ಕೂ ಇರುವ ತಾರತಮ್ಯ ಬದಲಾಗುವುದಿಲ್ಲ. ಮತ್ತು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಚಿಕ್ಕ ವಸ್ತುವಿಗಿಂತ ದೊಡ್ಡ ವಸ್ತುವನ್ನು ಸುಲಭವಾಗಿ ಗುರುತಿಸುತ್ತದೆ. ದೊಡ್ಡ ದರ್ಪಣದಿಂದ ಸಿಗುವ ಲಾಭ ಇದೇ: ಬಿಂಬ ತೀರಾ ಮಸುಕಾಗುವ ಮೊದಲು ಅದನ್ನು ಸಾಕಷ್ಟು ದೊಡ್ಡದಾಗಿಸಿಕೊಳ್ಳಬಹುದು. ಎಂಟು ಇಂಚು ಎಂಬುದು, ನನ್ನ ಅನುಭವದಲ್ಲಿ, ಸುರುಳಿಯ ಬಾಹುಗಳು ಊಹೆಯ ಮಟ್ಟದಿಂದ ನೋಟದ ಮಟ್ಟಕ್ಕೆ ಬರುವ ಮೊದಲ ಮೆಟ್ಟಿಲು.

ಪರೀಕ್ಷೆಗೆ ನಾನು ಮುಖ್ಯವಾಗಿ ಆರಿಸಿಕೊಂಡಿದ್ದು ಎಂ 51, ಅಂದರೆ ವರ್ಲ್‌ಪೂಲ್ ಗೆಲಾಕ್ಸಿ. ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿರುವ ಮರೀಚಿ ನಕ್ಷತ್ರದಿಂದ ಸುಮಾರು ಮೂರೂವರೆ ಡಿಗ್ರಿ ದೂರದಲ್ಲಿ ಇದು ಇದೆ. ಚಾರ್ಲ್ಸ್ ಮೆಸ್ಸಿಯರ್ 1773ರ ಅಕ್ಟೋಬರಿನಲ್ಲಿ ಇದನ್ನು ಗುರುತಿಸಿದರು; ಎಂ ಎಂಬುದು ಅವರ ಪಟ್ಟಿಯ ಗುರುತು. ಇದರ ಪಕ್ಕದ ಚಿಕ್ಕ ಜೊತೆಗಾರ ಗೆಲಾಕ್ಸಿ ಎನ್‌ಜಿಸಿ 5195 ಅನ್ನು (ಎನ್‌ಜಿಸಿ ಎಂಬುದು ಇನ್ನೊಂದು ಪಟ್ಟಿ) 1781ರಲ್ಲಿ ಪಿಯೆರ್ ಮೆಷೆನ್ ಕಂಡರು. ಇದರ ದೂರದ ಅಂದಾಜುಗಳು 2.3 ಕೋಟಿಯಿಂದ 3.1 ಕೋಟಿ ಜ್ಯೋತಿರ್ವರ್ಷಗಳವರೆಗೆ ಇವೆ. ಇದರ ತಟ್ಟೆ ನಮಗೆ ಹೆಚ್ಚುಕಡಿಮೆ ಎದುರುಮುಖವಾಗಿರುವುದರಿಂದ, ಸುರುಳಿಯ ರಚನೆಯನ್ನು ಮೇಲಿನಿಂದ ನೋಡಿದಂತೆ ನೋಡಲು ಇದಕ್ಕಿಂತ ಒಳ್ಳೆಯ ಗೆಲಾಕ್ಸಿ ಈ ಗಾತ್ರದ ದೂರದರ್ಶಕಕ್ಕೆ ಇನ್ನೊಂದಿಲ್ಲ.

ಮೊದಲು 25 ಮಿಲಿಮೀಟರ್ ಐಪೀಸ್, 48 ಪಟ್ಟು ವರ್ಧನೆ. ನೋಟದ ಕ್ಷೇತ್ರದ, ಅಂದರೆ ಐಪೀಸಿನಲ್ಲಿ ಕಾಣುವ ವೃತ್ತದ, ನಡುವೆ ಎರಡು ದುಂಡು ಮಬ್ಬುಗಳು ಒಂದರ ಪಕ್ಕದಲ್ಲೊಂದು ಕಾಣುತ್ತವೆ. ಎರಡರ ನಡುಭಾಗದಲ್ಲೂ ತನ್ನದೇ ಹೊಳಪಾದ ಗರ್ಭವಿದೆ. ದೊಡ್ಡದರ ಸುತ್ತ ಮಾತ್ರ, ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಮಂಜಿನಷ್ಟು ತೆಳ್ಳಗಿನ ಪ್ರಭೆಯೊಂದು ಹರಡಿಕೊಂಡಿದೆ. ಕತ್ತಲ ಆಕಾಶದಲ್ಲಿ ಇಷ್ಟು ಎಲ್ಲರಿಗೂ, ಮೊದಲ ಸಲ ನೋಡುವವರಿಗೂ, ಕಾಣುತ್ತದೆ. ಅನೇಕರು ಇಲ್ಲಿಗೇ ನಿಲ್ಲಿಸಿ, ಛಾಯಾಚಿತ್ರಗಳಲ್ಲಿ ಕಂಡ ನೀಲಿ ಗುಲಾಬಿ ಬಣ್ಣಗಳು ಇಲ್ಲವಲ್ಲ ಎಂದು ಕಣ್ಣು ತೆಗೆದುಬಿಡುತ್ತಾರೆ. ನಿಜವಾದ ನೋಟ ಆರಂಭವಾಗುವುದು ಇದರ ನಂತರ.

15 ಮಿಲಿಮೀಟರ್ ಐಪೀಸ್ ಹಾಕಿ, 80 ಪಟ್ಟು ವರ್ಧನೆಯಲ್ಲಿ, ಕುರ್ಚಿಯ ಮೇಲೆ ಆರಾಮವಾಗಿ ಕುಳಿತು, ಗೆಲಾಕ್ಸಿಯ ಗರ್ಭದ ಮೇಲೆ ನೇರ ದೃಷ್ಟಿ ಇಡದೆ ತುಸು ಪಕ್ಕಕ್ಕೆ ನೋಟ ನೆಟ್ಟಾಗ ಪ್ರಭೆಯ ಒಳಗೆ ಏರುಪೇರುಗಳು ಕಾಣಿಸಿಕೊಳ್ಳತೊಡಗುತ್ತವೆ. ನನಗೆ ಮೊದಲು ಗೋಚರವಾಗುವುದು ಬಾಹುವಲ್ಲ, ಬಾಹುವಿಗೂ ಗರ್ಭಕ್ಕೂ ನಡುವಿನ ಕಪ್ಪು ಅಂತರ. ಗರ್ಭದ ಒಂದು ಬದಿಯಲ್ಲಿ ಪ್ರಭೆ ತೆಳುವಾಗಿ, ಅದರ ಹೊರಗೆ ಮತ್ತೆ ದಟ್ಟವಾಗುತ್ತದೆ. ಕೆಲವು ಕ್ಷಣಗಳ ನಂತರ ಆ ದಟ್ಟ ಭಾಗ ಬಾಗಿದ ಕಮಾನಾಗಿ ನಿಲ್ಲುತ್ತದೆ, ಮತ್ತೆ ಕರಗುತ್ತದೆ, ಮತ್ತೆ ಅದೇ ಜಾಗದಲ್ಲಿ ಮೂಡುತ್ತದೆ. ಅದೇ ಜಾಗದಲ್ಲಿ ಮೂಡುತ್ತದೆ ಎಂಬುದೇ ಅದು ಭ್ರಮೆಯಲ್ಲ ಎಂಬುದಕ್ಕೆ ಸಾಕ್ಷಿ. ಇನ್ನಷ್ಟು ಹೊತ್ತು ನೋಡಿದರೆ ಗರ್ಭದ ಎದುರು ಬದಿಯಲ್ಲೂ ಇನ್ನೊಂದು ಕಮಾನು ಕಾಣುತ್ತದೆ, ಮತ್ತು ಅವುಗಳಲ್ಲೊಂದು ಜೊತೆಗಾರ ಗೆಲಾಕ್ಸಿಯ ಕಡೆಗೆ ಚಾಚಿಕೊಂಡಿರುವುದು ತಿಳಿಯುತ್ತದೆ. ಇಡೀ ಸುರುಳಿ ಒಂದೇ ಕ್ಷಣದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದು ತುಂಡು ತುಂಡಾಗಿ ಬರುತ್ತದೆ. ಆ ತುಂಡುಗಳು ಕೂಡಿಕೊಂಡು ಒಂದು ತಿರುವಾಗಿ ನಿಂತಾಗ ಆಗುವ ಸಂತೋಷವನ್ನು ನಾನು ಬೇರೆ ಯಾವ ಆಕಾಶಕಾಯದ ಮುಂದೆಯೂ ಅನುಭವಿಸಿಲ್ಲ.

ಆ ಕಮಾನುಗಳು ಏನು ಎಂದು ತಿಳಿದು ನೋಡುವುದಕ್ಕೂ ತಿಳಿಯದೆ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಸುರುಳಿಯ ಬಾಹುಗಳು ಒಂದೇ ನಕ್ಷತ್ರಗಳಿಂದಾದ ಶಾಶ್ವತ ತೋಳುಗಳಾಗಿದ್ದರೆ, ಒಳಗಿನ ಭಾಗ ಬೇಗ ಸುತ್ತು ಮುಗಿಸುವುದರಿಂದ ಅವು ಕೆಲವೇ ಸುತ್ತುಗಳಲ್ಲಿ ಬಿಗಿಯಾಗಿ ಸುತ್ತಿಕೊಂಡು ಅಳಿಸಿಹೋಗಬೇಕಿತ್ತು. ಸಿ. ಸಿ. ಲಿನ್ ಮತ್ತು ಫ್ರಾಂಕ್ ಶು 1964ರಲ್ಲಿ ಮುಂದಿಟ್ಟ ವಿವರಣೆಯ ಪ್ರಕಾರ ಬಾಹುಗಳು ತಟ್ಟೆಯ ಮೂಲಕ ಸಾಗುವ ಸಾಂದ್ರತೆಯ ಅಲೆಗಳು. ನಕ್ಷತ್ರಗಳೂ ಅನಿಲವೂ ಅಲೆಯೊಳಗೆ ಬಂದು ಹೊರಗೆ ಹೋಗುತ್ತವೆ. ಅನಿಲ ಒತ್ತಿಕೊಂಡ ಕಡೆ ಹೊಸ ನಕ್ಷತ್ರಗಳು ಹುಟ್ಟುತ್ತವೆ, ಮತ್ತು ಅವುಗಳಲ್ಲಿ ಅತ್ಯಂತ ಭಾರವಾದವು ಬಹಳ ಪ್ರಖರವಾಗಿ ಉರಿದು ಬೇಗ ಮುಗಿದುಹೋಗುವುದರಿಂದ ಬಾಹುವೇ ಹೊಳೆಯುತ್ತದೆ. ಎಂ 51ರಲ್ಲಿ ಜೊತೆಗಾರ ಗೆಲಾಕ್ಸಿಯ ಗುರುತ್ವದ ಸೆಳೆತವೂ ಈ ಅಲೆಗಳನ್ನು ಬಲಪಡಿಸಿದೆ. ಹೀಗಾಗಿ ಐಪೀಸಿನಲ್ಲಿ ಮೂಡಿ ಕರಗುವ ಆ ಬೂದು ಕಮಾನು, ನಕ್ಷತ್ರಗಳು ಹುಟ್ಟುತ್ತಿರುವ ಸ್ಥಳಗಳ ಸಾಲು. ಕ್ಷೇತ್ರದಲ್ಲಿ ಅಲ್ಲಲ್ಲಿ ಚುಚ್ಚಿದಂತೆ ಕಾಣುವ ನಕ್ಷತ್ರಗಳಾದರೋ ನಮ್ಮದೇ ಕ್ಷೀರಪಥಕ್ಕೆ ಸೇರಿದವು, ಗೆಲಾಕ್ಸಿಗಿಂತ ಸಾವಿರಾರು ಪಟ್ಟು ಹತ್ತಿರದವು. ಎರಡು ಇಷ್ಟು ಭಿನ್ನವಾದ ದೂರಗಳು ಒಂದೇ ಚಿಕ್ಕ ವೃತ್ತದೊಳಗೆ ಒಟ್ಟಿಗೆ ಕಾಣುತ್ತಿವೆ ಎಂಬ ಅರಿವಿದ್ದಾಗ ಆ ನೋಟಕ್ಕೆ ಆಳ ಬರುತ್ತದೆ.

ಇಲ್ಲಿ ಒಂದು ಐತಿಹಾಸಿಕ ಸಂಗತಿಯನ್ನು ಹೇಳಲೇಬೇಕು. 1830ರ ದಶಕದ ಆರಂಭದಲ್ಲಿ ಜಾನ್ ಹರ್ಷೆಲ್ ಅವರು 18 ಇಂಚಿನ ಲೋಹದರ್ಪಣದ ದೂರದರ್ಶಕದಿಂದ ಇದೇ ಗೆಲಾಕ್ಸಿಯನ್ನು ನೋಡಿ, ಗರ್ಭದ ಸುತ್ತ ಒಂದು ಕಡೆ ಸೀಳಿದ ಉಂಗುರವಿರುವಂತೆ ಚಿತ್ರಿಸಿದ್ದರು. ಅದು ಸುರುಳಿ ಎಂದು ಮೊದಲು ಗುರುತಿಸಿದ್ದು 1845ರಲ್ಲಿ, ಐರ್ಲೆಂಡಿನ ಬರ್ ಕೋಟೆಯಲ್ಲಿ ತಾವೇ ಕಟ್ಟಿಸಿದ 72 ಇಂಚಿನ ದೈತ್ಯ ದೂರದರ್ಶಕದಿಂದ ನೋಡಿದ ಲಾರ್ಡ್ ರಾಸ್. ಹಾಗಾದರೆ ಅನುಭವಿ ವೀಕ್ಷಕರೊಬ್ಬರಿಗೆ 18 ಇಂಚಿನಲ್ಲಿ ಕಾಣದ ಸುರುಳಿ ನಮಗೆ ಎಂಟು ಇಂಚಿನಲ್ಲಿ ಕಾಣುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅಂದಿನ ಲೋಹದ ದರ್ಪಣಗಳಿಗಿಂತ ಇಂದಿನ ಅಲ್ಯೂಮಿನಿಯಂ ಲೇಪಿತ ಗಾಜಿನ ದರ್ಪಣಗಳು ಬಹಳ ಹೆಚ್ಚು ಬೆಳಕನ್ನು ಪ್ರತಿಫಲಿಸುತ್ತವೆ, ನಿಜ. ಆದರೆ ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಏನಿದೆ ಎಂಬುದು ನಮಗೆ ಮೊದಲೇ ಗೊತ್ತಿದೆ. ಈ ತಿಳಿವಳಿಕೆ ಕಣ್ಣಿಗೆ ನೆರವಾಗುವಂತೆಯೇ ಮನಸ್ಸನ್ನು ವಂಚಿಸಲೂಬಹುದು. ಆದ್ದರಿಂದ ಈ ದೂರದರ್ಶಕವನ್ನು ಕೊಳ್ಳುವವರಿಗೆ ನನ್ನ ಒತ್ತಾಯದ ಸಲಹೆ ಏನೆಂದರೆ, ಐಪೀಸಿನ ಪಕ್ಕದಲ್ಲೇ ಕಾಗದ, ಪೆನ್ಸಿಲು ಮತ್ತು ಮಂದವಾದ ಕೆಂಪು ದೀಪ ಇಟ್ಟುಕೊಂಡು, ಕಂಡದ್ದನ್ನು ಕಂಡಷ್ಟೇ ಬರೆಯಿರಿ. ಛಾಯಾಚಿತ್ರದ ಜೊತೆ ಹೋಲಿಸುವುದನ್ನು ಮರುದಿನಕ್ಕೆ ಇಡಿ. ಗೀಚಿದ ಕಮಾನು ಛಾಯಾಚಿತ್ರದ ಬಾಹುವಿನ ಜಾಗದಲ್ಲೇ ಇದ್ದರೆ ನಿಮ್ಮ ಕಣ್ಣು ಅದನ್ನು ನಿಜವಾಗಿಯೂ ಕಂಡಿದೆ.

ದೇವಯಾನಿ ಗೆಲಾಕ್ಸಿ, ಅಂದರೆ ಎಂ 31, ಎಲ್ಲರೂ ಮೊದಲು ಕೇಳುವ ಗೆಲಾಕ್ಸಿ. ಅಲ್ ಸೂಫಿ ಎಂಬ ಪರ್ಷಿಯಾದ ಖಗೋಳಜ್ಞರು 964ರ ಸುಮಾರಿಗೇ ಇದನ್ನು ಚಿಕ್ಕ ಮೋಡವೆಂದು ದಾಖಲಿಸಿದ್ದರು. ಇದರ ಬೆಳಕು ನಮ್ಮನ್ನು ತಲುಪಲು ಸುಮಾರು 25 ಲಕ್ಷ ವರ್ಷ ಹಿಡಿಯುತ್ತದೆ. ಇಂದು ಐಪೀಸಿಗೆ ಬೀಳುವ ಕಿರಣ ಹೊರಟಾಗ ನಮ್ಮ ಮಾನವ ಪ್ರಭೇದವೇ ಇರಲಿಲ್ಲ. ವಿಮರ್ಶಕನಾಗಿ ಹೇಳಬೇಕಾದ ಮಾತೆಂದರೆ, ಎಂಟು ಇಂಚಿನ ಡಾಬ್ಸೋನಿಯನ್ನಿಗೆ ಇದು ಅನುಕೂಲಕರ ವಸ್ತುವಲ್ಲ. ಗೆಲಾಕ್ಸಿ ಆಕಾಶದಲ್ಲಿ ಮೂರು ಡಿಗ್ರಿಯಷ್ಟು, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ ಹರಡಿದೆ. ಜೊತೆಗೆ ಬರುವ 25 ಮಿಲಿಮೀಟರ್ ಐಪೀಸ್ ತೋರಿಸುವುದು ಒಂದು ಡಿಗ್ರಿಗಿಂತ ತುಸು ಹೆಚ್ಚನ್ನು ಮಾತ್ರ. ಇಡೀ ಗೆಲಾಕ್ಸಿಯ ಅಂದವನ್ನು ಒಂದೇ ನೋಟದಲ್ಲಿ ಕೊಡುವುದರಲ್ಲಿ ಎರಡೂ ಕಣ್ಣಿಗೆ ಹಿಡಿಯುವ ಸಾಧಾರಣ ದುರ್ಬೀನು (ಬೈನಾಕ್ಯುಲರ್) ಇದನ್ನು ಮೀರಿಸುತ್ತದೆ. ಆದರೆ ಭಾಗ ಭಾಗವಾಗಿ ನೋಡುವವರಿಗೆ ಇಲ್ಲಿ ಬೇರೆ ಸಂಪತ್ತಿದೆ. ಗರ್ಭದ ಒಂದು ಬದಿಯಲ್ಲಿ ಪ್ರಭೆ ನಿಧಾನವಾಗಿ ಕ್ಷೀಣಿಸದೆ, ಗೆರೆ ಎಳೆದಂತೆ ತಟ್ಟನೆ ಕಡಿದುಹೋಗುತ್ತದೆ. ಅದು ದೂಳಿನ ಪಟ್ಟೆಯ ಅಂಚು. ಒಳ್ಳೆಯ ರಾತ್ರಿಯಲ್ಲಿ ಅದರಾಚೆ ಇನ್ನೊಂದು ಪಟ್ಟೆಯೂ ತೋರುತ್ತದೆ. ಜೊತೆಗಾರ ಗೆಲಾಕ್ಸಿಗಳಾದ ಎಂ 32 ಚಿಕ್ಕದಾಗಿ ಗಟ್ಟಿಯಾಗಿಯೂ, ಎಂ 110 ದೊಡ್ಡದಾಗಿ ಮಸುಕಾಗಿಯೂ ಕಾಣುತ್ತವೆ. 1923ರಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್ನಿನ 100 ಇಂಚಿನ ದೂರದರ್ಶಕದಿಂದ ತೆಗೆದ ಛಾಯಾಚಿತ್ರಗಳಲ್ಲಿ ಸೆಫೀಡ್ ಜಾತಿಯ ಮಿನುಗುವ ನಕ್ಷತ್ರವೊಂದನ್ನು ಗುರುತಿಸಿದ್ದು ಇದೇ ಮಬ್ಬಿನಲ್ಲಿ. ಮಿನುಗುವ ಅವಧಿಯಿಂದ ಇಂಥ ನಕ್ಷತ್ರದ ನಿಜವಾದ ಹೊಳಪನ್ನೂ, ಅದರಿಂದ ದೂರವನ್ನೂ ತಿಳಿಸುವ, ಹೆನ್ರಿಯೆಟ್ಟಾ ಲೆವಿಟ್ ಕಂಡುಹಿಡಿದಿದ್ದ ನಿಯಮವನ್ನು ಆ ನಕ್ಷತ್ರಕ್ಕೆ ಅನ್ವಯಿಸಿದಾಗಲೇ ಇದು ಕ್ಷೀರಪಥದ ಹೊರಗಿನ ಸ್ವತಂತ್ರ ಲೋಕ ಎಂಬುದು ಖಚಿತವಾಯಿತು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಅಳೆದು ಪ್ರಕಟಿಸಿದ್ದೂ ಇದರದೇ ಹೊರವಲಯದ ವೇಗವನ್ನು; ಕಾಣದ ದ್ರವ್ಯದ ಚರ್ಚೆಗೆ ಆ ಅಳತೆಗಳು ಗಟ್ಟಿ ಆಧಾರ ಒದಗಿಸಿದವು. ಮನುಷ್ಯನ ವಿಶ್ವಕಲ್ಪನೆಯನ್ನು ಇಷ್ಟು ಬಾರಿ ಬದಲಾಯಿಸಿದ ವಸ್ತುವನ್ನು ಅಂಗಳದಲ್ಲಿ ನಿಂತು ನೋಡುವುದು ಸಣ್ಣ ಭಾಗ್ಯವಲ್ಲ.

ಉಳಿದವುಗಳ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ 81 ಮತ್ತು ಎಂ 82 ಒಂದೇ ಕ್ಷೇತ್ರದಲ್ಲಿ ಒಟ್ಟಿಗೆ ಕೂರುತ್ತವೆ. ಎಂ 81ರ ಗರ್ಭ ಸುಂದರ, ಆದರೆ ಅದರ ಬಾಹುಗಳು ನನಗೆ ಈ ದರ್ಪಣದಲ್ಲಿ ನಿಶ್ಚಿತವಾಗಿ ಕಂಡಿಲ್ಲ. ಎಂ 33 ಕತ್ತಲ ಆಕಾಶದಲ್ಲಿ ದೊಡ್ಡ ಮಬ್ಬಾಗಿ ತೋರಿ, ಅದರೊಳಗಿನ ಎನ್‌ಜಿಸಿ 604 ಎಂಬ ನಕ್ಷತ್ರ ಹುಟ್ಟುವ ಬೃಹತ್ ಮೋಡವನ್ನೂ ಪುಟ್ಟ ಚುಕ್ಕೆಯಾಗಿ ತೋರಿಸುತ್ತದೆ; ಇನ್ನೊಂದು ಗೆಲಾಕ್ಸಿಯೊಳಗಿನ ನೀಹಾರಿಕೆಯನ್ನು ಪ್ರತ್ಯೇಕವಾಗಿ ಗುರುತಿಸುವ ಅವಕಾಶ ಅಪರೂಪದ್ದು. ಅಂಚಿನಿಂದ ಕಾಣುವ ಎಂ 104ರ ದೂಳಿನ ಗೆರೆ 120 ಪಟ್ಟಿನಲ್ಲಿ ಸ್ಪಷ್ಟ. ಕ್ಯಾರೊಲಿನ್ ಹರ್ಷೆಲ್ 1783ರಲ್ಲಿ ಕಂಡ ಎನ್‌ಜಿಸಿ 253 ಉದ್ದನೆಯ, ಮಚ್ಚೆ ಮಚ್ಚೆಯಾದ ಬೆಳಕಿನ ಪಟ್ಟಿಯಾಗಿ ಕ್ಷೇತ್ರದ ನಡುವೆ ಚಾಚಿಕೊಳ್ಳುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಈಗ ಷರತ್ತುಗಳ ಮಾತು. ಮೊದಲನೆಯದು ಆಕಾಶದ ಕತ್ತಲೆ. ಜಾನ್ ಬೋರ್ಟಲ್ 2001ರಲ್ಲಿ ರೂಪಿಸಿದ ಒಂಬತ್ತು ದರ್ಜೆಗಳ ಅಳತೆಯಲ್ಲಿ ನಾಲ್ಕನೆಯ ದರ್ಜೆ ಅಥವಾ ಅದಕ್ಕಿಂತ ಕತ್ತಲಾದ ಆಕಾಶವಿದ್ದರೆ ಮಾತ್ರ ಎಂ 51ರ ಬಾಹುಗಳನ್ನು ಈ ದರ್ಪಣದಿಂದ ನಿರೀಕ್ಷಿಸಬಹುದು. ನಗರದ ಬೆಳಕಿನಡಿಯಲ್ಲಿ ಉಳಿಯುವುದು ಎರಡು ಗರ್ಭಗಳು ಮಾತ್ರ. ಎಂ 33 ಮತ್ತು ಎಂ 101 ಪೂರ್ತಿ ಮಾಯವಾಗುತ್ತವೆ. ಇದನ್ನು ಸರಿಪಡಿಸಲೆಂದು ಬೆಳಕಿನ ಮಾಲಿನ್ಯವನ್ನು ತಡೆಯುವ ಫಿಲ್ಟರುಗಳನ್ನು ಕೊಳ್ಳುವವರಿದ್ದಾರೆ. ನೀಹಾರಿಕೆಗಳು ಕೆಲವೇ ನಿರ್ದಿಷ್ಟ ಬಣ್ಣಗಳಲ್ಲಿ ಬೆಳಗುವುದರಿಂದ ಅವುಗಳಿಗೆ ಅಂಥ ಫಿಲ್ಟರು ಉಪಯುಕ್ತ. ಗೆಲಾಕ್ಸಿಯ ಬೆಳಕು ನಕ್ಷತ್ರಗಳ ಬೆಳಕಾದ್ದರಿಂದ ಎಲ್ಲ ಬಣ್ಣಗಳಲ್ಲೂ ಹರಡಿದೆ, ಹಾಗಾಗಿ ಫಿಲ್ಟರು ಆಕಾಶದ ಜೊತೆಗೆ ಗೆಲಾಕ್ಸಿಯನ್ನೂ ಕತ್ತರಿಸುತ್ತದೆ. ಆ ಹಣವನ್ನು ಕತ್ತಲ ಊರಿನವರೆಗಿನ ಪ್ರಯಾಣಕ್ಕೆ ಬಳಸುವುದೇ ಮೇಲು. ಚಂದ್ರನಿಲ್ಲದ ರಾತ್ರಿಯನ್ನೇ ಆರಿಸಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಎರಡನೆಯ ಷರತ್ತು ಕಣ್ಣು. ಅಕ್ಷಿಪಟಲದ ನಡುಭಾಗದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ತುಂಬಿಕೊಂಡಿವೆ. ಮಂದ ಬೆಳಕನ್ನು ಹಿಡಿಯುವ ದಂಡಕೋಶಗಳು ಅಲ್ಲಿಲ್ಲ, ಅದರ ಸುತ್ತ ಹರಡಿಕೊಂಡಿವೆ. ಅದಕ್ಕಾಗಿಯೇ ಓರೆನೋಟದ ಅಭ್ಯಾಸ ಬೇಕಾಗುತ್ತದೆ, ಮತ್ತು ಅದಕ್ಕಾಗಿಯೇ ಗೆಲಾಕ್ಸಿ ಬೂದುಬಣ್ಣದಲ್ಲೇ ಕಾಣುತ್ತದೆ. ದಂಡಕೋಶಗಳೊಳಗಿನ, ಬೆಳಕಿಗೆ ಸ್ಪಂದಿಸುವ ರೊಡಾಪ್ಸಿನ್ ಎಂಬ ವಸ್ತು ಕತ್ತಲಲ್ಲಿ ಮತ್ತೆ ಕೂಡಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು; ಒಮ್ಮೆ ಮೊಬೈಲಿನ ಪರದೆ ನೋಡಿದರೆ ಆ ಅರ್ಧ ಗಂಟೆ ವ್ಯರ್ಥ. ಐಪೀಸಿನ ಮೇಲೆ ಬಾಗಿದಾಗ ಅರಿವಿಲ್ಲದೆ ಉಸಿರು ಹಿಡಿಯುವ ರೂಢಿ ಹಲವರಿಗಿರುತ್ತದೆ. ಹಾಗೆ ಮಾಡದೆ ನಿಧಾನವಾಗಿ ಉಸಿರಾಡಬೇಕು. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬಿಂಬ ಅಲುಗಿ, ಸ್ಥಿರವಾಗಿದ್ದಾಗ ಕಾಣದ ಮಸುಕು ಅಂಚು ಆ ಕ್ಷಣ ಕಾಣಿಸುತ್ತದೆ. ಚಲನೆಯನ್ನು ಗ್ರಹಿಸುವುದರಲ್ಲಿ ಕಣ್ಣಿನ ಅಂಚು ಬಹಳ ಚುರುಕು.

ಉಪಕರಣದ ಕೊರತೆಗಳನ್ನು ಮರೆಮಾಚುವುದು ಸರಿಯಲ್ಲ. ಜೊತೆಗೆ ಬರುವ 10 ಮಿಲಿಮೀಟರ್ ಐಪೀಸಿಗೆ ಕಣ್ಣನ್ನು ತೀರಾ ಹತ್ತಿರ ಒತ್ತಬೇಕಾಗುವುದರಿಂದ, ಗೆಲಾಕ್ಸಿಯ ಮುಂದೆ ಬೇಕಾಗುವ ನಿರಾಳತೆ ಅದರಲ್ಲಿ ಸಿಗುವುದಿಲ್ಲ. ಕನ್ನಡಕದವರಿಗಂತೂ ಅದು ನಿರುಪಯುಕ್ತ. 14 ಅಥವಾ 15 ಮಿಲಿಮೀಟರಿನ ಅಗಲ ಕ್ಷೇತ್ರದ ಐಪೀಸನ್ನು ದೂರದರ್ಶಕದ ಜೊತೆಯಲ್ಲೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರಿಂದ ಸಿಗುವ 80 ಪಟ್ಟಿನ ಸುತ್ತಮುತ್ತಲ ವರ್ಧನೆಯೇ ಹೆಚ್ಚಿನ ಗೆಲಾಕ್ಸಿಗಳಿಗೆ ಹದವಾದದ್ದು. ಗುರಿ ಹುಡುಕಲು ಕೊಳವೆಯ ಮೇಲಿರುವ ಪುಟ್ಟ ದೂರದರ್ಶಕ, ಅಂದರೆ ನೇರ ನೋಟದ ಫೈಂಡರ್, ಎತ್ತರದ ವಸ್ತುಗಳನ್ನು ಹುಡುಕುವಾಗ ಕುತ್ತಿಗೆಯನ್ನು ಹಿಂಸಿಸುತ್ತದೆ. ಗೆಲಾಕ್ಸಿ ನೆತ್ತಿಯ ಸಮೀಪಕ್ಕೆ ಬಂದಾಗ, ಅಂದರೆ ವಾತಾವರಣದ ಅಡ್ಡಿ ಅತಿ ಕಡಿಮೆಯಿರುವ ಹೊತ್ತಿನಲ್ಲೇ, ಎಡಬಲಕ್ಕೆ ಜಾರಿಸುವುದು ಈ ಪೀಠದಲ್ಲಿ ಬಹಳ ಕಷ್ಟ. ಇದು ವಿನ್ಯಾಸದಲ್ಲೇ ಇರುವ ತೊಡಕು. ಭೂಮಿಯ ತಿರುಗುವಿಕೆಯಿಂದಾಗಿ 120 ಪಟ್ಟು ವರ್ಧನೆಯಲ್ಲಿ ಎಂ 51 ಸುಮಾರು ಎರಡೂವರೆ ನಿಮಿಷದಲ್ಲಿ ಕ್ಷೇತ್ರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗಿಬಿಡುತ್ತದೆ, ಹಾಗಾಗಿ ಕೈಯಲ್ಲಿ ಹಿಂಬಾಲಿಸುತ್ತಲೇ ಇರಬೇಕು. ಅಭ್ಯಾಸವಾದ ಮೇಲೆ ಅದು ಗಮನಕ್ಕೂ ಬರುವುದಿಲ್ಲ. ಪೀಠದ ಹಲಗೆ ಮರದ ಪುಡಿಯನ್ನು ಒತ್ತಿ ಮಾಡಿದ್ದು. ಇಬ್ಬನಿ ಬೀಳುವ ರಾತ್ರಿಗಳಲ್ಲಿ ಹೊರಗಿಟ್ಟಿದ್ದರಿಂದ ನನ್ನ ಪೀಠದ ಕೆಳ ಅಂಚು ಒಂದು ಕಡೆ ಉಬ್ಬಿಕೊಂಡಿದೆ, ಅಂಚುಗಳಿಗೆ ತಯಾರಕರು ಇನ್ನಷ್ಟು ಭದ್ರವಾದ ಹೊದಿಕೆ ಕೊಡಬೇಕಿತ್ತು. ಕೊಳವೆ ಮತ್ತು ಪೀಠ ಸೇರಿ ಇಪ್ಪತ್ತು ಕಿಲೋ ಮೀರುವುದರಿಂದ ಎರಡು ಸಲ ಹೊತ್ತು ಸಾಗಿಸಬೇಕು. ಸಾಗಿಸಿದ ಮೇಲೆ ದರ್ಪಣಗಳ ಹೊಂದಾಣಿಕೆಯನ್ನು ಪರೀಕ್ಷಿಸಿ, ದರ್ಪಣ ಹೊರಗಿನ ಗಾಳಿಯ ಉಷ್ಣತೆಗೆ ಬರುವವರೆಗೆ ಕಾಯಬೇಕು. ಈ ಎರಡನ್ನೂ ಬಿಟ್ಟವರಿಗೆ ಗರ್ಭದ ಹೊಳಪು ಕದಡಿಕೊಂಡೇ ಕಾಣುತ್ತದೆ.

ಈಚೆಗೆ ಬಂದಿರುವ ಕ್ಯಾಮೆರಾ ಆಧಾರಿತ ಸ್ವಯಂಚಾಲಿತ ದೂರದರ್ಶಕಗಳ ಜೊತೆ ಇದನ್ನು ಹೋಲಿಸಿ ಕೇಳುವವರು ಬಹಳ. ಆ ಪುಟ್ಟ ಉಪಕರಣಗಳು ಹಲವಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ನಗರದ ಆಕಾಶದಿಂದಲೂ, ಎಂ 51ರ ಬಾಹುಗಳನ್ನು ಬಣ್ಣದೊಂದಿಗೆ ಮೊಬೈಲಿನ ಪರದೆಗೆ ತರುತ್ತವೆ. ವಿವರವೇ ಗುರಿಯಾಗಿದ್ದರೆ, ಅಥವಾ ಕತ್ತಲ ಜಾಗಕ್ಕೆ ಹೋಗುವುದು ಸಾಧ್ಯವೇ ಇಲ್ಲವಾದರೆ, ಅವುಗಳನ್ನೇ ಕೊಳ್ಳಿ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ನನಗೆ ಮಾತ್ರ, ಕೋಟ್ಯಂತರ ವರ್ಷ ಪ್ರಯಾಣ ಮಾಡಿ ಬಂದ ಬೆಳಕು ಒಂದು ದರ್ಪಣದಿಂದ ತಿರುಗಿ ನನ್ನ ಕಣ್ಣಿನಲ್ಲೇ ಮುಗಿಯಬೇಕು ಎಂಬ ಆಸೆ ಇದೆ, ಮತ್ತು ಆ ಆಸೆಯನ್ನು ಈ ಡಾಬ್ಸೋನಿಯನ್ ಪೂರೈಸುತ್ತದೆ. ಹತ್ತು ಅಥವಾ ಹನ್ನೆರಡು ಇಂಚಿನ ಮಾದರಿಯಲ್ಲಿ ಬಾಹುಗಳು ಇನ್ನೂ ಸುಲಭವಾಗಿ ಕಾಣುತ್ತವೆ ಎಂಬುದು ನಿಜ. ಆದರೆ ತೂಕವೂ ಅದೇ ವೇಗದಲ್ಲಿ ಏರುತ್ತದೆ. ಕತ್ತಲ ಜಾಗಕ್ಕೆ ಒಬ್ಬರೇ ಕೊಂಡೊಯ್ಯಬೇಕಾದವರಿಗೆ ಎಂಟು ಇಂಚೇ ಸರಿಯಾದ ಆಯ್ಕೆ.

ಒಂದೇ ಗೆಲಾಕ್ಸಿಯನ್ನು ಮತ್ತೆ ಮತ್ತೆ ನೋಡಲು ಇನ್ನೊಂದು ಬಲವಾದ ಕಾರಣವಿದೆ. 2023ರ ಮೇ 19ರಂದು, ಅಮಾವಾಸ್ಯೆಯ ದಿನ, ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇತಾಗಾಕಿ ಅವರು ಎಂ 101 ಸುರುಳಿ ಗೆಲಾಕ್ಸಿಯ ಬಾಹುವೊಂದರಲ್ಲಿ ಸೂಪರ್‌ನೋವಾ, ಅಂದರೆ ಸ್ಫೋಟಿಸಿದ ನಕ್ಷತ್ರವೊಂದನ್ನು, ಕಂಡುಹಿಡಿದರು. ಕೆಲವೇ ದಿನಗಳಲ್ಲಿ ಅದು ಸುಮಾರು 11ರ ಕಾಂತಿಮಾನಕ್ಕೆ ಏರಿತು (ಈ ಅಳತೆಯಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಹೊಳಪು ಹೆಚ್ಚು). ಎಂ 101 ಸ್ವತಃ ಈ ದೂರದರ್ಶಕದಲ್ಲಿ ಕಾಣುವುದೇ ಪ್ರಯಾಸದಿಂದ. ಆದರೆ ಅದರ ಮಸುಕು ಪ್ರಭೆಯ ಅಂಚಿನಲ್ಲಿ ಆ ನಕ್ಷತ್ರ ನೇರ ನೋಟಕ್ಕೇ ಸ್ಪಷ್ಟ ಚುಕ್ಕೆಯಾಗಿ ನಿಂತಿತ್ತು. ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದ ಒಂದೇ ಒಂದು ನಕ್ಷತ್ರವನ್ನು ಬೇರ್ಪಡಿಸಿ ನೋಡಲು ಎಂಟು ಇಂಚಿನ ದರ್ಪಣ ಸಾಕಾಯಿತು. ಎಂ 51ರಲ್ಲಿಯೂ 1994, 2005 ಮತ್ತು 2011ರಲ್ಲಿ ಇಂಥ ಸ್ಫೋಟಗಳು ಕಂಡಿವೆ; 2011ರದ್ದು ಕತ್ತಲ ಆಕಾಶದಲ್ಲಿ ಈ ಗಾತ್ರದ ದರ್ಪಣಕ್ಕೆ ಎಟುಕುವಷ್ಟು ಹೊಳಪಾಗಿತ್ತು. ಹಾಗಾಗಿ ಎಂ 51ರ ಚಿತ್ರ ಬರೆಯುವಾಗ ಬಾಹುಗಳ ಜೊತೆಗೆ ಕ್ಷೇತ್ರದಲ್ಲಿ ಕಾಣುವ ಪ್ರತಿಯೊಂದು ನಕ್ಷತ್ರದ ಸ್ಥಾನವನ್ನೂ ಎಚ್ಚರಿಕೆಯಿಂದ ಗುರುತಿಸಿಡಿ. ಮುಂದೊಂದು ರಾತ್ರಿ ಅದರಲ್ಲಿಲ್ಲದ ಚುಕ್ಕೆಯೊಂದು ಕಂಡರೆ, ಹೋಲಿಸಿ ನೋಡಲು ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ.